ಕಡಲಾಳದ ತಂತಿಯೂ ದ್ವೀಪದ ಜಮಾ-ಖರ್ಚೂ

ಮಹಾನಗರಗಳಲ್ಲಿ ನೆಲೆಸಿರುವ ನಮಗೆ ‘ದೂರ’ ಎಂಬ ಮಾತಿನ ಅರ್ಥವೇ ಇತ್ತೀಚಿನ ವರ್ಷಗಳಲ್ಲಿ ಬದಲಾಗಿಬಿಟ್ಟಿದೆ. ಮುಂಬಯಿಯ ಮಾಟುಂಗದಲ್ಲೋ ಚೆನ್ನೈಯ ತ್ಯಾಗರಾಯನಗರದಲ್ಲೋ ಕುಳಿತು ಅಮೆರಿಕದಲ್ಲಿರುವ ಮಗಳ ಮುಖವನ್ನು ಕಾಣುತ್ತೇವೆ. ಊರಿನಲ್ಲಿರುವ ತಂದೆತಾಯಿಯರ ಔಷಧಿಯ ಖರ್ಚಿಗೆ ಹಣವನ್ನು ಕ್ಷಣಾರ್ಧದಲ್ಲಿ ಕಳುಹಿಸುತ್ತೇವೆ. ಇವೆಲ್ಲ ಆಕಾಶಮಾರ್ಗವಾಗಿ, ಉಪಗ್ರಹಗಳ ಮೂಲಕ ಸಾಗುತ್ತವೆಂಬುದು ಬಹುಜನರ ನಂಬಿಕೆ. ವಸ್ತುಸ್ಥಿತಿ ಬೇರೆ. ಖಂಡದಿಂದ ಖಂಡಕ್ಕೆ ಸಾಗುವ ಮಾಹಿತಿಯಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚಿನ ಪಾಲು ಸಮುದ್ರದ ತಳದಲ್ಲಿ ಮಲಗಿರುವ ಕೇಬಲ್ಲುಗಳ ಮೂಲಕವೇ ಹೋಗುತ್ತದೆ. ನಮ್ಮ ದೇಶದ ಮಟ್ಟಿಗೆ ಈ ಕೇಬಲ್ಲುಗಳು ದಡ ಸೇರುವ ಪ್ರಮುಖ ಸ್ಥಳಗಳು ಮುಂಬಯಿ ಮತ್ತು ಚೆನ್ನೈ.

ಹೀಗಿರುವಾಗ, ಕಡಲ ನಡುವೆಯೇ ಬದುಕುತ್ತಿದ್ದರೂ ಈ ತಂತಿಯ ಸೌಲಭ್ಯವಿಲ್ಲದೆ ದಶಕಗಳನ್ನು ಕಳೆದ ಜನರ ಪಾಡೇನು? ಅವರ ದ್ವೀಪಕ್ಕೆ ತಂತಿ ಬಂದಾಗ ಆಗುವ ಆರ್ಥಿಕ ಲಾಭವೇನು, ಅದರ ವೆಚ್ಚವೇನು, ಅದರಿಂದ ಆಗದೆ ಉಳಿಯುವುದೇನು? ಬ್ಯಾಂಕ್ ಉದ್ಯೋಗಿಯೊಬ್ಬನ ದೃಷ್ಟಿಯಿಂದ ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಂತಿಯ ಕಥೆ

ಸಮುದ್ರದೊಳಗೆ ತಂತಿ ಹಾಕುವ ಸಾಹಸ ಹೊಸದಲ್ಲ. 1858ರಲ್ಲಿ ಯುರೋಪು ಮತ್ತು ಅಮೆರಿಕಗಳ ನಡುವೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಕಿದ ಮೊದಲ ಟೆಲಿಗ್ರಾಫ್ ತಂತಿ ಕೆಲವೇ ವಾರಗಳಲ್ಲಿ ಕೆಟ್ಟುಹೋಯಿತು. 1866ರಲ್ಲಿ ‘ಗ್ರೇಟ್ ಈಸ್ಟರ್ನ್’ ಎಂಬ ಬೃಹತ್ ಹಡಗು ಈ ಕಾರ್ಯವನ್ನು ಸಫಲಗೊಳಿಸಿತು. ಅದೇ ಹಡಗು 1870ರಲ್ಲಿ ಮುಂಬಯಿಯಿಂದ ಏಡನ್‌ವರೆಗೂ ತಂತಿ ಹಾಸಿತು. ಒಂದು ಕಾಲದಲ್ಲಿ ಹಡಗಿನ ಟಪಾಲಿಗಾಗಿ ವಾರಗಟ್ಟಲೆ ಕಾಯುತ್ತಿದ್ದ ಮುಂಬಯಿಯ ಹತ್ತಿ ವರ್ತಕರಿಗೆ ಇಂಗ್ಲೆಂಡಿನ ಪೇಟೆಯ ಧಾರಣೆ ಬೇಗನೆ ತಿಳಿಯತೊಡಗಿತು. ದೂರದ ಪೇಟೆಯ ಬೆಲೆಯನ್ನು ಕಾಲಕ್ಕೆ ಸರಿಯಾಗಿ ತಿಳಿಯುವುದೇ ವ್ಯಾಪಾರದ ಮೊದಲ ಬಂಡವಾಳ.

ಇಂದಿನ ಕೇಬಲ್ಲಿನಲ್ಲಿ ಸಂದೇಶವನ್ನು ಒಯ್ಯುವುದು ಬೆಳಕು. ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆಗಳ ಒಳಗೆ ಬೆಳಕಿನ ಮಿಡಿತಗಳು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತವೆ. ಇಂತಹ ಎಳೆಗಳು ಸಂಪರ್ಕಕ್ಕೆ ಉಪಯುಕ್ತವಾಗಬಲ್ಲವೆಂದು ಚಾರ್ಲ್ಸ್ ಕಾವ್ ಎಂಬ ವಿಜ್ಞಾನಿ 1966ರಲ್ಲಿ ತೋರಿಸಿಕೊಟ್ಟರು. 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಲಭಿಸಿತು. ಆಳ ಸಮುದ್ರದಲ್ಲಿ ಈ ಕೇಬಲ್ಲಿನ ದಪ್ಪ ತೋಟಕ್ಕೆ ನೀರು ಬಿಡುವ ಕೊಳವೆಯಷ್ಟೇ. ದಡ ಸಮೀಪಿಸಿದಂತೆ ಮೀನು ಬಲೆ ಮತ್ತು ಹಡಗಿನ ಲಂಗರುಗಳ ಭಯವಿರುವುದರಿಂದ ಅದಕ್ಕೆ ಉಕ್ಕಿನ ತಂತಿಗಳ ಕವಚ ಹೊದಿಸುತ್ತಾರೆ. ಬಹುದೂರ ಸಾಗಿದ ಬೆಳಕು ಮಂಕಾಗುವುದರಿಂದ ಅರವತ್ತರಿಂದ ನೂರು ಕಿಲೋಮೀಟರಿಗೊಮ್ಮೆ ಅದನ್ನು ಮತ್ತೆ ಪ್ರಖರಗೊಳಿಸುವ ಉಪಕರಣವನ್ನು ಜೋಡಿಸಿರುತ್ತಾರೆ. ಅದಕ್ಕೆ ಬೇಕಾದ ವಿದ್ಯುತ್ತೂ ದಡದಿಂದಲೇ ಇದೇ ಕೇಬಲ್ಲಿನ ಮೂಲಕ ಸರಬರಾಜಾಗುತ್ತದೆ.

ಉಪಗ್ರಹದ ಇತಿಮಿತಿ

ಉಪಗ್ರಹವಿರುವಾಗ ಇಷ್ಟೆಲ್ಲ ಶ್ರಮವೇಕೆ ಎಂಬ ಸಂದೇಹ ಸಹಜ. ಸಂಪರ್ಕಕ್ಕಾಗಿ ಬಹುಕಾಲದಿಂದ ಬಳಸಲಾಗುತ್ತಿರುವ ಭೂಸ್ಥಿರ ಉಪಗ್ರಹಗಳು ಭೂಮಿಯಿಂದ 35,786 ಕಿಲೋಮೀಟರ್ ಎತ್ತರದಲ್ಲಿವೆ. ಒಂದು ಪ್ರಶ್ನೆ ಮೇಲೇರಿ ಇಳಿದು, ಅದರ ಉತ್ತರವೂ ಮೇಲೇರಿ ಇಳಿಯುವುದಕ್ಕೆ ಸುಮಾರು ಅರ್ಧ ಸೆಕೆಂಡು ಹಿಡಿಯುತ್ತದೆ. ಗಾಜಿನ ಎಳೆಯಲ್ಲಿ ನಾನೂರು ಕಿಲೋಮೀಟರ್ ಸಾಗಲು ಬೆಳಕಿಗೆ ಸೆಕೆಂಡಿನ ಸಾವಿರದ ಎರಡು ಭಾಗ ಸಾಕು. ಭೂಮಿಗೆ ಸಮೀಪದಲ್ಲಿ ಸುತ್ತುವ ಉಪಗ್ರಹ ಸಮೂಹಗಳು ಈಚೆಗೆ ಬಂದು ಈ ವಿಳಂಬವನ್ನು ಬಹುಮಟ್ಟಿಗೆ ತಗ್ಗಿಸಿವೆಯಾದರೂ, ಒಂದು ಕೇಬಲ್ಲು ಹೊರಬಲ್ಲ ಮಾಹಿತಿಯ ಹೊರೆಗೆ ಅವು ಸಾಟಿಯಲ್ಲ.

ಬ್ಯಾಂಕಿನವರಿಗೆ ಈ ವ್ಯತ್ಯಾಸ ಪುಸ್ತಕದ ವಿಷಯವಲ್ಲ. ಈ ಲೇಖಕನು ಕೆಲವು ವರ್ಷ ಸೇವೆ ಸಲ್ಲಿಸಿದ ಮಲೆನಾಡಿನ ಶಾಖೆಯೊಂದರಲ್ಲಿ ಸಂಪರ್ಕಕ್ಕೆ ಆಧಾರವಾಗಿದ್ದುದು ಮಾಡಿನ ಮೇಲಿನ ಒಂದು ಉಪಗ್ರಹ ತಟ್ಟೆ. ಆಷಾಢದ ಮಳೆ ಜೋರಾಗಿ ಹಿಡಿದರೆ ಸಂಪರ್ಕ ಕಡಿದುಹೋಗುತ್ತಿತ್ತು. ಆರು ಮೈಲಿ ನಡೆದು ಬಂದ ಪಿಂಚಣಿದಾರರು ಕೊಡೆ ಮಡಿಸಿ ಬೆಂಚಿನ ಮೇಲೆ ಕುಳಿತಿರುತ್ತಿದ್ದರು. ತಿಜೋರಿಯಲ್ಲಿ ಹಣವಿರುತ್ತಿತ್ತು, ಅವರ ಖಾತೆಯಲ್ಲಿಯೂ ಹಣವಿರುತ್ತಿತ್ತು, ಆದರೆ ಖಾತೆಯ ಶಿಲ್ಕು ತಿಳಿಸುವ ಯಂತ್ರ ಮಾತ್ರ ಮೌನವಾಗಿರುತ್ತಿತ್ತು. ಹಳೆಯ ಲೆಡ್ಜರಿನ ಕಾಲದಲ್ಲಿ ಈ ತೊಂದರೆ ಇರಲಿಲ್ಲವೆಂದು ಹಿರಿಯರೊಬ್ಬರು ಹೇಳಿದ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಲೆಕ್ಕವೆಲ್ಲ ದೂರದ ಕಂಪ್ಯೂಟರಿಗೆ ವರ್ಗವಾದ ಮೇಲೆ ಸಂಪರ್ಕವಿಲ್ಲದ ಶಾಖೆಯೆಂದರೆ ಬರಿಯ ಕಟ್ಟಡ. ಮಲೆನಾಡಿಗೆ ಮಳೆಯ ನಾಲ್ಕು ತಿಂಗಳ ಕಷ್ಟವಾದರೆ, ಸಾಗರದ ನಡುವಿನ ದ್ವೀಪಗಳಿಗೆ ಅದು ವರ್ಷವಿಡೀ ಇದ್ದ ಕಷ್ಟ.

ಕಡಲಾಚೆಯ ನೆರೆಯವರು

ಈ ಮಾತಿಗೆ ಅತ್ಯಂತ ಸಮೀಪದ ನಿದರ್ಶನ ಲಕ್ಷದ್ವೀಪ. ಕೊಚ್ಚಿಯಿಂದ 220ರಿಂದ 440 ಕಿಲೋಮೀಟರ್ ದೂರದಲ್ಲಿ ಅರಬ್ಬೀ ಸಮುದ್ರದಲ್ಲಿ ಚದುರಿರುವ ಈ ಹವಳದ್ವೀಪಗಳ ಒಟ್ಟು ವಿಸ್ತೀರ್ಣ 32 ಚದರ ಕಿಲೋಮೀಟರ್. ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ. 2011ರ ಜನಗಣತಿಯಂತೆ ಜನಸಂಖ್ಯೆ 64,473. ಮಹಾನಗರದ ಒಂದು ಬಡಾವಣೆಯಲ್ಲಿ ಇದಕ್ಕಿಂತ ಹೆಚ್ಚು ಜನರಿರುತ್ತಾರೆ.

ಕನ್ನಡಿಗರಿಗೆ ಈ ದ್ವೀಪಗಳು ಪರಕೀಯವಲ್ಲ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ದ್ವೀಪಗಳ ಅಮೀನ್‌ದೀವಿ ಸಮೂಹವು 1956ರ ನವೆಂಬರ್ 1ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. 1783ರಲ್ಲಿ ಅಮಿನಿಯ ಕೆಲವರು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನನ್ನು ಕಂಡು, ತಮ್ಮ ದ್ವೀಪಗಳನ್ನು ಅರಕ್ಕಲ್ ಬೀಬಿಯ ಆಡಳಿತದಿಂದ ಬಿಡಿಸಿ ತನ್ನ ವಶಕ್ಕೆ ತೆಗೆದುಕೊಳ್ಳಬೇಕೆಂದು ಬೇಡಿಕೊಂಡರು. ಹಾಗೆ ಟಿಪ್ಪುವಿನ ವಶವಾದ ದ್ವೀಪಗಳು 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಬ್ರಿಟಿಷರ ಪಾಲಾದವು. ತೆಂಗಿನ ನಾರು, ಕೊಬ್ಬರಿಗಳನ್ನು ಹೇರಿಕೊಂಡು ಬರುವ ದ್ವೀಪದ ಮಂಜಿಗಳು ಮಂಗಳೂರಿನ ಬಂದರಿನಿಂದ ಅಕ್ಕಿ ತುಂಬಿಕೊಂಡು ಮರಳುತ್ತಿದ್ದವು.

ಆ ವ್ಯಾಪಾರದ ಸ್ವರೂಪವನ್ನು ಗಮನಿಸಬೇಕು. ಬ್ರಿಟಿಷ್ ಆಡಳಿತದಲ್ಲಿ ನಾರಿನ ಖರೀದಿ ಸರ್ಕಾರದ ಏಕಸ್ವಾಮ್ಯವಾಗಿತ್ತು. ದ್ವೀಪದವನು ಹೊಸೆದ ಹುರಿಗೆ ಎಷ್ಟು ಅಕ್ಕಿ ಸಲ್ಲಬೇಕೆಂಬುದನ್ನು ದಡದಲ್ಲಿರುವವರು ನಿರ್ಧರಿಸುತ್ತಿದ್ದರು. ಪೇಟೆಯ ಧಾರಣೆ ತಿಳಿಯುವ ದಾರಿಯೂ, ಬೇರೆ ಕೊಳ್ಳುಗನನ್ನು ಹುಡುಕುವ ದಾರಿಯೂ ದ್ವೀಪದವನಿಗೆ ಇರಲಿಲ್ಲ. ದೂರವೆಂಬುದು ಹಡಗಿನ ಪ್ರಯಾಣದ ದಿನಗಳಲ್ಲಿ ಮಾತ್ರವಲ್ಲದೆ ಸರಕಿನ ಬೆಲೆಯಲ್ಲಿಯೂ ಸೇರಿಕೊಂಡಿತ್ತು.

ಬ್ಯಾಂಕಿಂಗಿನಲ್ಲಿಯೂ ನಮ್ಮ ಕರಾವಳಿಗೂ ದ್ವೀಪಗಳಿಗೂ ನಂಟಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಬಡವರ ದಿನದ ಚಿಲ್ಲರೆ ಉಳಿತಾಯವನ್ನು ಪಿಗ್ಮಿ ಯೋಜನೆಯ ಮೂಲಕ ಸಂಗ್ರಹಿಸಿ ಹೆಸರಾದ ಸಿಂಡಿಕೇಟ್ ಬ್ಯಾಂಕ್ ಲಕ್ಷದ್ವೀಪದ ಲೀಡ್ ಬ್ಯಾಂಕ್ ಆಗಿತ್ತು. 2020ರ ಏಪ್ರಿಲ್ 1ರಂದು ಅದು ವಿಲೀನವಾದ ಮೇಲೆ ಆ ಹೊಣೆ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿಗೆ ಬಂದಿತು.

ದ್ವೀಪಗಳಿಗೆ ಬಂದ ಎರಡು ಕೇಬಲ್ಲುಗಳು

ನಮ್ಮ ದೇಶದ ದ್ವೀಪಗಳಿಗೆ ಕಡಲಾಳದ ಕೇಬಲ್ ಮೊದಲು ಬಂದುದು ಬಂಗಾಳಕೊಲ್ಲಿಯಲ್ಲಿ. ಚೆನ್ನೈಯಿಂದ ಇಂದಿನ ಶ್ರೀ ವಿಜಯ ಪುರಂಗೆ, ಅಂದರೆ ಅಂದಿನ ಪೋರ್ಟ್ ಬ್ಲೇರಿಗೆ, ಅಲ್ಲಿಂದ ಕಾರ್ ನಿಕೋಬಾರ್, ಲಿಟಲ್ ಅಂಡಮಾನ್, ಗ್ರೇಟ್ ನಿಕೋಬಾರ್ ಮೊದಲಾದ ದ್ವೀಪಗಳಿಗೆ ಸುಮಾರು 2,300 ಕಿಲೋಮೀಟರ್ ಉದ್ದದ ಕೇಬಲ್ ಹಾಸಲಾಯಿತು. 1,224 ಕೋಟಿ ರೂಪಾಯಿಗಳ ವೆಚ್ಚದ ಈ ಯೋಜನೆ 2020ರ ಆಗಸ್ಟ್ 10ರಂದು ಉದ್ಘಾಟನೆಗೊಂಡಿತು.

ಲಕ್ಷದ್ವೀಪದ ಸರದಿ ಬಂದುದು 2024ರ ಜನವರಿ 3ರಂದು. ಕೊಚ್ಚಿಯಿಂದ ಹೊರಟ 1,868 ಕಿಲೋಮೀಟರ್ ಉದ್ದದ ಕೇಬಲ್ ಜನವಸತಿಯ ಹತ್ತೂ ದ್ವೀಪಗಳನ್ನೂ ಪ್ರವಾಸಿ ತಾಣವಾದ ಬಂಗಾರಂ ದ್ವೀಪವನ್ನೂ ಮುಟ್ಟುತ್ತದೆ. ವೆಚ್ಚ, ತೆರಿಗೆಗಳನ್ನು ಬಿಟ್ಟು, 1,072 ಕೋಟಿ ರೂಪಾಯಿ. ಅದುವರೆಗೆ ಇಡೀ ದ್ವೀಪಸಮೂಹಕ್ಕೆ ಉಪಗ್ರಹದ ಮೂಲಕ ದೊರೆಯುತ್ತಿದ್ದುದು ಸೆಕೆಂಡಿಗೆ 1.7 ಗಿಗಾಬಿಟ್ ಸಾಮರ್ಥ್ಯ. ಕೇಬಲ್ಲಿನಿಂದ ಅದು 200 ಗಿಗಾಬಿಟ್‌ಗೆ ಏರಿತು. ಎರಡೂ ಕೆಲಸಗಳನ್ನು ನಿರ್ವಹಿಸಿದ್ದು ಬಿಎಸ್‌ಎನ್‌ಎಲ್ ಸಂಸ್ಥೆ.

ಲೆಕ್ಕದ ಪುಸ್ತಕ ಏನು ಹೇಳುತ್ತದೆ?

ಇನ್ನು ವಾಣಿಜ್ಯ ಪದವೀಧರನಿಗೆ ಸಹಜವಾದ ಲೆಕ್ಕವನ್ನು ಮಾಡೋಣ. 1,072 ಕೋಟಿಯನ್ನು 64,473 ಜನರಿಗೆ ಹಂಚಿದರೆ ತಲೆಗೆ 1 ಲಕ್ಷ 66 ಸಾವಿರ ರೂಪಾಯಿ ಬೀಳುತ್ತದೆ. ಈ ಮೊತ್ತವನ್ನು ಶೇಕಡಾ 8ರ ಬಡ್ಡಿಗೆ ಸಾಲವಾಗಿ ತಂದಿದ್ದರೆ ವರ್ಷಕ್ಕೆ ಬಡ್ಡಿಯೇ ಸುಮಾರು 86 ಕೋಟಿ. ಅದನ್ನು ವಸೂಲು ಮಾಡಬೇಕಾದರೆ ತೊಟ್ಟಿಲ ಕೂಸೂ ಸೇರಿದಂತೆ ಪ್ರತಿಯೊಬ್ಬ ದ್ವೀಪವಾಸಿಯೂ ತಿಂಗಳಿಗೆ 1,100 ರೂಪಾಯಿಗೂ ಹೆಚ್ಚು ತೆರಬೇಕು. ಅಸಲಿನ ಮಾತು, ದುರಸ್ತಿಯ ಮಾತು ಬೇರೆ. ಇಂತಹ ಸಾಲದ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ, ನಿಯಮಗಳಿಗೆ ಬದ್ಧನಾಗಿ, ಅದನ್ನು ತಿರಸ್ಕರಿಸುವಂತೆಯೇ ಶಿಫಾರಸು ಮಾಡಬೇಕಾಗುತ್ತಿತ್ತು.

ಹಾಗಾದರೆ ಇದು ಅಪವ್ಯಯವೇ? ಉತ್ತರಕ್ಕಾಗಿ ನಮ್ಮ ವೃತ್ತಿಯ ಚರಿತ್ರೆಯನ್ನೇ ನೋಡಬಹುದು. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾದವು. ಬ್ಯಾಂಕಿರುವ ಊರಿನಲ್ಲಿ ಒಂದು ಹೊಸ ಶಾಖೆ ತೆರೆಯಬೇಕಾದರೆ ಬ್ಯಾಂಕಿಲ್ಲದ ಕಡೆ ನಾಲ್ಕು ಶಾಖೆ ತೆರೆಯತಕ್ಕದ್ದೆಂಬ ನಿಯಮ 1977ರಿಂದ 1990ರವರೆಗೆ ಜಾರಿಯಲ್ಲಿತ್ತು. ಆ ಹಳ್ಳಿಯ ಶಾಖೆಗಳಲ್ಲಿ ಎಷ್ಟೋ ಶಾಖೆಗಳು ನಷ್ಟವನ್ನೇ ತೋರಿಸಿದವು. ಆದರೂ ಬರ್ಜೆಸ್ ಮತ್ತು ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು 2005ರಲ್ಲಿ ಪ್ರಕಟಿಸಿದ ಅಧ್ಯಯನವು, ಆ ಶಾಖಾ ವಿಸ್ತರಣೆಯಿಂದ ಗ್ರಾಮೀಣ ಬಡತನ ಇಳಿಯಿತೆಂದು ತೋರಿಸಿತು. ಶಾಖೆಯ ಪುಸ್ತಕದಲ್ಲಿ ನಷ್ಟವೆಂದು ಬರೆದದ್ದು ಊರಿನ ಪುಸ್ತಕದಲ್ಲಿ ಲಾಭವಾಗಿತ್ತು. ಕಡಲಾಳದ ಕೇಬಲ್ಲನ್ನೂ ಇದೇ ಬಗೆಯಲ್ಲಿ ತೂಗಬೇಕು.

ಈ ಹಣ ಬಂದುದಾದರೂ ಎಲ್ಲಿಂದ? ದೂರಸಂಪರ್ಕ ಕಂಪನಿಗಳ ಆದಾಯದಿಂದ ಶೇಕಡಾ 5ರಷ್ಟನ್ನು ಸಂಗ್ರಹಿಸುವ, ಈಗ ‘ಡಿಜಿಟಲ್ ಭಾರತ್ ನಿಧಿ’ ಎಂದು ಕರೆಯಲಾಗುವ, ಸಾರ್ವತ್ರಿಕ ಸೇವಾ ನಿಧಿಯಿಂದ. ನಗರವಾಸಿಗಳಾದ ನಾವು ಪ್ರತಿ ತಿಂಗಳು ತೆರುವ ದೂರವಾಣಿ ಶುಲ್ಕದಲ್ಲಿ ಒಂದು ಸಣ್ಣ ಪಾಲು ಹೀಗೆ ಬಿತ್ರಾದ ಮೀನುಗಾರನವರೆಗೂ ತಲಪಿದೆ. ಆದ್ದರಿಂದ ಈ ವೆಚ್ಚದ ಫಲವೇನೆಂದು ಕೇಳುವ ಹಕ್ಕೂ ನಮಗುಂಟು.

ಫಲದ ವಿಚಾರ

ಫಲದ ಬಗ್ಗೆ ಊಹೆಗಿಂತ ಅನುಭವವನ್ನು ನಂಬುವುದು ಲೇಸು. ಕೇರಳದ ಉತ್ತರ ಕರಾವಳಿಯಲ್ಲಿ, ಕನ್ನಡಿಗರೂ ಬಾಳುವ ಕಾಸರಗೋಡು ಸೇರಿದಂತೆ, 1997ರಿಂದ 2001ರ ನಡುವೆ ಮೊಬೈಲ್ ದೂರವಾಣಿ ಹರಡಿತು. ಅದಕ್ಕೆ ಮೊದಲು ದೋಣಿಯವನು ಸಮೀಪದ ಒಂದೇ ಪೇಟೆಗೆ ಹೋಗಬೇಕಿತ್ತು; ಅಲ್ಲಿ ಕೊಳ್ಳುವವರಿಲ್ಲದಿದ್ದರೆ ಮೀನನ್ನು ಕಡಲಿಗೇ ಚೆಲ್ಲಬೇಕಿತ್ತು, ಕೆಲವೇ ಮೈಲಿ ಆಚೆಯ ಪೇಟೆಯಲ್ಲಿ ಮೀನಿಲ್ಲದೆ ಗಿರಾಕಿಗಳು ಮರಳುತ್ತಿದ್ದರೂ. ದೂರವಾಣಿ ಬಂದ ಮೇಲೆ ಕಡಲಲ್ಲಿರುವಾಗಲೇ ಧಾರಣೆ ಕೇಳಿ ದೋಣಿ ತಿರುಗಿಸುವುದು ಸಾಧ್ಯವಾಯಿತು. ರಾಬರ್ಟ್ ಜೆನ್ಸನ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಮೀನುಗಾರರ ಲಾಭ ಸರಾಸರಿ ಶೇಕಡಾ 8ರಷ್ಟು ಏರಿತು, ಕೊಳ್ಳುವವರ ಬೆಲೆ ಶೇಕಡಾ 4ರಷ್ಟು ಇಳಿಯಿತು, ಮೀನು ಚೆಲ್ಲುವುದು ನಿಂತಿತು. ಮಾಹಿತಿಯ ಹರಿವಿನಿಂದ ಮಾರುವವನಿಗೂ ಕೊಳ್ಳುವವನಿಗೂ ಏಕಕಾಲದಲ್ಲಿ ಲಾಭವಾಗಬಹುದೆಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಡ.

ಕಡಲಾಳದ ಕೇಬಲ್ಲಿನ ಬಗ್ಗೆಯೇ ಬೇಕೆಂದರೆ ಆಫ್ರಿಕದ ಅನುಭವವಿದೆ. 2009ರ ಸುಮಾರಿಗೆ ಆ ಖಂಡದ ತೀರಕ್ಕೆ ಹೊಸ ಕೇಬಲ್ಲುಗಳು ಬಂದವು. ಹನ್ನೆರಡು ದೇಶಗಳ ಅಂಕಿಅಂಶಗಳನ್ನು ಪರಿಶೀಲಿಸಿ ಯೋರ್ಟ್ ಮತ್ತು ಪೌಲ್ಸೆನ್ ಎಂಬ ವಿದ್ವಾಂಸರು 2019ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ವೇಗದ ಸಂಪರ್ಕ ದೊರೆತ ಸ್ಥಳಗಳಲ್ಲಿ ಉದ್ಯೋಗ ಗಣನೀಯವಾಗಿ ಹೆಚ್ಚಿತು. ಕಡಿಮೆ ಓದಿದವರಿಗೂ ಅದರ ಪ್ರಯೋಜನ ದೊರೆಯಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಲಾಭವಾದುದು ದಡದ ಕೇಬಲ್ಲಿನಿಂದ ಊರೊಳಗಿನವರೆಗೆ ಒಳನಾಡ ತಂತಿ ಮುಟ್ಟಿದ್ದ ಸ್ಥಳಗಳಲ್ಲಿ. ಕೇಬಲ್ ದಡ ಮುಟ್ಟಿದರೆ ಸಾಲದು, ಮನೆಯ ಬಾಗಿಲು ಮುಟ್ಟಬೇಕು. ಹೆದ್ದಾರಿ ಬಂದು ಊರೊಳಗಿನ ಗಾಡಿದಾರಿ ಕೆಸರಾಗಿಯೇ ಉಳಿದರೆ ರೈತನಿಗೆ ಬಂದ ಭಾಗ್ಯವೇನು?

ಲಕ್ಷದ್ವೀಪದಲ್ಲಿ ಮಾರಲು ಸರಕಿಗೆ ಕೊರತೆಯಿಲ್ಲ. ಗಾಳಕೋಲಿನಿಂದ ಒಂದೊಂದಾಗಿ ಹಿಡಿಯುವ ಟ್ಯೂನಾ ಮೀನು, ಅದನ್ನು ಬೇಯಿಸಿ ಹೊಗೆಯಾಡಿಸಿ ಒಣಗಿಸಿದ ‘ಮಾಸ್’, ತೆಂಗಿನ ಉತ್ಪನ್ನಗಳು, ಪ್ರವಾಸೋದ್ಯಮ ಇವೆಲ್ಲ ಅಲ್ಲಿವೆ. ಧಾರಣೆ ತಿಳಿಯುವ, ಗಿರಾಕಿಯನ್ನು ನೇರವಾಗಿ ಮುಟ್ಟುವ, ಹಣವನ್ನು ಅಂದೇ ಪಡೆಯುವ ಸಾಧನ ಈಗ ಅಲ್ಲಿನವರ ಕೈಗೆ ಬಂದಿದೆ.

ಆರೋಗ್ಯದ ಹೆದ್ದಾರಿ

ಆರೋಗ್ಯ ಲೇಖನಗಳಿಗೆ ಸ್ಥಾನವಿರುವ ಈ ಸಂಚಿಕೆಯಲ್ಲಿ ವೈದ್ಯಕೀಯದ ಮಾತು ಬಿಡುವಂತಿಲ್ಲ. ದೂರದಿಂದಲೇ ತಜ್ಞರ ಸಲಹೆ ಕೊಡಿಸುವ ಪ್ರಯೋಗ ನಮ್ಮ ನಾಡಿನಲ್ಲಿಯೂ ನಡೆದಿದೆ. 2002ರಲ್ಲಿ ಇಸ್ರೋದ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. ಇಂತಹ ಕೆಲಸದಲ್ಲಿ ಸಂಪರ್ಕದ ವೇಗವೇ ರೋಗಿಯ ಸಮಯ. ತಲೆಯ ಸ್ಕ್ಯಾನಿನ ಚಿತ್ರಗಳ ಗಾತ್ರ 200 ಮೆಗಾಬೈಟ್ ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 512 ಕಿಲೋಬಿಟ್ ಸಾಗುವ ಸಂಪರ್ಕದಲ್ಲಿ ಅವನ್ನು ಕಳುಹಿಸಲು 52 ನಿಮಿಷ ಬೇಕು. 100 ಮೆಗಾಬಿಟ್ ಸಂಪರ್ಕದಲ್ಲಿ 16 ಸೆಕೆಂಡು ಸಾಕು. ಪಾರ್ಶ್ವವಾಯು ಬಡಿದ ರೋಗಿಗೆ ಮೊದಲ ಕೆಲವು ಗಂಟೆಗಳು ಎಷ್ಟು ಅಮೂಲ್ಯವೆಂಬುದನ್ನು ವೈದ್ಯರು ಬಲ್ಲರು. ರೋಗಿಯನ್ನು ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸಬೇಕೇ, ದ್ವೀಪದಲ್ಲಿಯೇ ಚಿಕಿತ್ಸೆ ಸಾಧ್ಯವೇ ಎಂಬ ನಿರ್ಧಾರವೂ ಈ ಚಿತ್ರಗಳನ್ನೇ ಅವಲಂಬಿಸಿರುತ್ತದೆ. ಆದರೆ ಸ್ಕ್ಯಾನ್ ಯಂತ್ರ, ಅದನ್ನು ನಡೆಸಬಲ್ಲ ತಂತ್ರಜ್ಞ, ಸಲಹೆಯಂತೆ ಚುಚ್ಚುಮದ್ದು ಕೊಡಬಲ್ಲ ವೈದ್ಯ ಇವರನ್ನು ಯಾವ ಕೇಬಲ್ಲೂ ಒದಗಿಸಲಾರದು.

ಒಂದೇ ಎಳೆಯ ಅಪಾಯ

ಕೇಬಲ್ಲಿನ ಮೇಲೆ ಬದುಕು ನಿಂತ ಮೇಲೆ ಅದು ಕಡಿದರೆ ಏನಾಗುತ್ತದೆಂಬುದನ್ನು ಪೆಸಿಫಿಕ್ ಸಾಗರದ ಟೋಂಗಾ ದೇಶ ಅನುಭವಿಸಿದೆ. ಸುಮಾರು ಒಂದು ಲಕ್ಷ ಜನರ ಈ ದ್ವೀಪರಾಷ್ಟ್ರಕ್ಕೆ ಫಿಜಿಯಿಂದ 827 ಕಿಲೋಮೀಟರ್ ಉದ್ದದ ಕೇಬಲ್ 2013ರಲ್ಲಿ ಬಂದಿತು. 2022ರ ಜನವರಿ 15ರಂದು ಕಡಲೊಳಗಿನ ಜ್ವಾಲಾಮುಖಿ ಸಿಡಿದು ಅದು ತುಂಡುತುಂಡಾಯಿತು. ದುರಸ್ತಿಯ ಹಡಗು ದೂರದಿಂದ ಬಂದು, ಸಂಪರ್ಕ ಮರಳಿದುದು ಫೆಬ್ರವರಿ 22ರಂದು. ಒಳದ್ವೀಪಗಳ ಕೇಬಲ್ ಸರಿಹೋಗಲು ಸುಮಾರು ಒಂದೂವರೆ ವರ್ಷವೇ ಹಿಡಿಯಿತು. ಆ ದೇಶದ ಒಟ್ಟು ಉತ್ಪನ್ನದ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚಿನ ಹಣ ಹೊರದೇಶಗಳಲ್ಲಿ ದುಡಿಯುವ ಮಕ್ಕಳಿಂದ ಬರತಕ್ಕದ್ದು. ಮನೆಯ ಮೇಲೆ ಬೂದಿ ಬಿದ್ದು ಹಣದ ಅಗತ್ಯ ಅತಿಯಾಗಿದ್ದ ಹೊತ್ತಿನಲ್ಲಿಯೇ ಆ ಹಣ ಬರುವ ದಾರಿ ಮುಚ್ಚಿತು. ದೂರದ ಊರಿನಲ್ಲಿ ದುಡಿದು ಮನೆಗೆ ಹಣ ಕಳುಹಿಸುವ ನಮ್ಮಂಥವರಿಗೆ ಆ ಮಕ್ಕಳ ಸಂಕಟವನ್ನು ವಿವರಿಸಬೇಕಾಗಿಲ್ಲ.

ಪ್ರಪಂಚದಲ್ಲಿ ವರ್ಷಕ್ಕೆ 150ರಿಂದ 200 ಬಾರಿ ಇಂತಹ ಕೇಬಲ್ಲುಗಳು ಕೆಡುತ್ತವೆ; ಬಹುಪಾಲು ಮೀನು ಬಲೆ ಮತ್ತು ಲಂಗರುಗಳಿಂದ. 2008ರ ಜನವರಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಳಿ ಕೇಬಲ್ಲುಗಳು ಕಡಿದಾಗ ಮುಂಬಯಿಯ ಕಚೇರಿಗಳಲ್ಲಿ ಕೆಲಸ ನಿಧಾನವಾಯಿತು, ನಿಲ್ಲಲಿಲ್ಲ, ಬೇರೆ ದಾರಿಗಳಿದ್ದವು. ಒಂದೇ ದಾರಿ ಇರುವ ದ್ವೀಪಕ್ಕೆ ಆ ಭಾಗ್ಯವಿಲ್ಲ. ಆದ್ದರಿಂದ ಎರಡನೆಯ ಕೇಬಲ್ಲೋ, ಕನಿಷ್ಠ ಪಕ್ಷ ಸಿದ್ಧವಾಗಿಟ್ಟ ಉಪಗ್ರಹ ಸಂಪರ್ಕವೋ ಬೇಕೇ ಬೇಕು. ಕೇಬಲ್ ಬಂದ ಉತ್ಸಾಹದಲ್ಲಿ ಹಳೆಯ ತಟ್ಟೆಯನ್ನು ಗುಜರಿಗೆ ಹಾಕುವುದು ಜಾಣತನವಲ್ಲ.

ಹೋಗುವ ಹಣ, ಬರುವ ಹಣ

ಕೊನೆಯದಾಗಿ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಕೇಬಲ್ಲು ಎರಡೂ ದಿಕ್ಕಿಗೆ ಒಯ್ಯುತ್ತದೆ. ದ್ವೀಪದ ಮೀನುಗಾರ ತನ್ನ ಟ್ಯೂನಾವನ್ನು ಇದರ ಮೂಲಕ ಮಾರಬಹುದು. ಅದೇ ಮೀನುಗಾರನ ಉಳಿತಾಯ ಇದೇ ತಂತಿಯ ಮೂಲಕ ಕ್ಷಣಮಾತ್ರದಲ್ಲಿ ಮಹಾನಗರದ ಅಂಗಡಿಗೂ ಷೇರುಪೇಟೆಗೂ ಹರಿದುಹೋಗಬಹುದು. ಬ್ಯಾಂಕಿನಲ್ಲಿ ನಾವು ಸಾಲ-ಠೇವಣಿ ಅನುಪಾತ ಎಂಬ ಅಳತೆಗೋಲನ್ನು ಬಳಸುತ್ತೇವೆ. ಒಂದು ಪ್ರದೇಶದ ಜನರಿಂದ ನೂರು ರೂಪಾಯಿ ಠೇವಣಿ ಪಡೆದು ಅಲ್ಲಿಯೇ ಎಷ್ಟು ರೂಪಾಯಿ ಸಾಲ ಕೊಟ್ಟಿದ್ದೇವೆಂಬುದನ್ನು ಅದು ತೋರಿಸುತ್ತದೆ. ಆ ಸಂಖ್ಯೆ ಕೆಳಗೇ ಉಳಿದರೆ ಆ ಊರಿನ ಹಣದಿಂದ ಬೇರೆಯ ಊರು ಬೆಳೆಯಿತೆಂದೇ ಅರ್ಥ. ನಮ್ಮ ಎಷ್ಟೋ ಹಳ್ಳಿಗಳು ಹೀಗೆ ನಗರಗಳನ್ನು ಬೆಳೆಸಿ ತಾವು ಬರಿದಾದವು. ಹಣದ ಹಿಂದೆಯೇ ಮಕ್ಕಳೂ ಹೊರಟರು. ನಾವೆಲ್ಲ ಇಲ್ಲಿಗೆ ಬಂದುದು ಆ ದಾರಿಯಲ್ಲಿಯೇ ಅಲ್ಲವೇ?

ಆದಕಾರಣ ಲಕ್ಷದ್ವೀಪದ ಕೇಬಲ್ಲಿನ ಯಶಸ್ಸನ್ನು ಗಿಗಾಬಿಟ್ಟುಗಳಲ್ಲಿ ಅಳೆಯುವುದು ಸಾಲದು. ಮಿನಿಕಾಯಿಯ ಹೆಣ್ಣುಮಗಳೊಬ್ಬಳು ಮಾಸ್ ಒಣಗಿಸುವ ಘಟಕಕ್ಕೆ ಸಾಲ ಕೇಳಿದಾಗ ಅದು ಮಂಜೂರಾಯಿತೇ? ಅಂದ್ರೋತ್‌ನ ಪದವೀಧರ ಯುವಕನಿಗೆ ಕೊಚ್ಚಿಯ ಹಡಗು ಹತ್ತದೆ ತನ್ನ ಊರಿನಲ್ಲಿಯೇ ಕುಳಿತು ಮಾಡುವ ಕೆಲಸ ದೊರೆಯಿತೇ? ಕಲ್ಪೇನಿಯ ಆಸ್ಪತ್ರೆಯಲ್ಲಿ ತಜ್ಞರ ಮಾತನ್ನು ಕೇಳಿ ಕಾರ್ಯಗತಗೊಳಿಸುವ ವೈದ್ಯರಿದ್ದಾರೆಯೇ? ಈ ಪ್ರಶ್ನೆಗಳಿಗೆ ಹೌದೆಂಬ ಉತ್ತರ ದೊರೆತ ದಿನ, ತಲೆಗೆ 1 ಲಕ್ಷ 66 ಸಾವಿರದ ಆ ವೆಚ್ಚ ಸಾರ್ಥಕವಾಯಿತೆಂದು ಯಾವ ಲೆಕ್ಕಪರಿಶೋಧಕನೂ ಒಪ್ಪಿಯಾನು.

ಇನ್ನೂರು ವರ್ಷಗಳ ಹಿಂದೆ ತನ್ನ ಹುರಿಯ ಬೆಲೆಯನ್ನು ದಡದವರ ಬಾಯಿಂದ ಕೇಳಿ ತಿಳಿಯಬೇಕಾಗಿದ್ದ ದ್ವೀಪವಾಸಿ, ಇಂದು ತನ್ನ ಸರಕಿನ ಬೆಲೆಯನ್ನು ತಾನೇ ಹೇಳುವಂತಾಗಲಿ. ಅದಕ್ಕೆ ಬೇಕಾದ ತಂತಿಯನ್ನು ದೇಶ ಒದಗಿಸಿದೆ. ಬೇಕಾದ ಸಾಲವನ್ನೂ ವಿಶ್ವಾಸವನ್ನೂ ಒದಗಿಸುವ ಕರ್ತವ್ಯ ನಮ್ಮಂತಹ ಸಂಸ್ಥೆಗಳಿಗೆ ಸೇರಿದ್ದು.